ಬಿಳಿಗಿರಿಯ ಪೋಡುಗಳಲ್ಲಿ ಕಾಫಿ ಹಣ್ಣಾದಾಗ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ದೇವರಿಗೆ ಕೈಮುಗಿದು, ಬಂಡೆಯ ಅಂಚಿನಲ್ಲಿ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಸುತ್ತಲಿನ ಪೋಡುಗಳಲ್ಲಿ, ಅಂದರೆ ಆದಿವಾಸಿ ಸೋಲಿಗರ ಊರುಗಳಲ್ಲಿ, ಮನೆಯ ಹಿತ್ತಲಿಗೇ ಕಾಫಿ ಗಿಡ ಅಂಟಿಕೊಂಡಿರುವುದು ಅವರ ಕಣ್ಣಿಗೆ ಬೀಳುವುದು ಕಡಿಮೆ.

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಕ್ಕೆ ಕಾಫಿ ಬಂದದ್ದು ಬ್ರಿಟಿಷ್ ಪ್ಲಾಂಟರುಗಳಿಂದ. 19ನೇ ಶತಮಾನದ ಕೊನೆಗೆ ಮಾರಿಸ್ ಕುಟುಂಬ ಅತ್ತಿಖಾನೆಯಲ್ಲಿ ತೋಟ ಎಬ್ಬಿಸಿತು. ಸೋಲಿಗರದು ಅಂಥ ಎಸ್ಟೇಟಲ್ಲ. ಕಾಡುಮರಗಳ ನೆರಳಲ್ಲಿ ಪುಟ್ಟ ಪುಟ್ಟ ತುಂಡು ನೆಲ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಕಾಡು ಸವರಿ ಸುಟ್ಟು, ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯ ನಿಂತಿತು. 2006ರಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೂ ತಡೆ ಬಿತ್ತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಘೋಷಣೆ; ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ. ಈ ಏಳುಬೀಳಿನಲ್ಲಿ ಕೈಗೆ ಕಾಸು ತರುವ ಬೆಳೆಯಾಗಿ ಕಾಫಿಯ ತೂಕ ಹೆಚ್ಚಿತು.

ತೂಕದ ಮಾತು ಬಂತು. ಅರೇಬಿಕಾದಲ್ಲಿ ಐದಾರು ಕಿಲೊ ಹಣ್ಣು ಕೊಟ್ಟರೆ ಉಳಿಯುವುದು ಒಂದು ಕಿಲೊ ಬೀಜ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಅಂದರೆ ಪಲ್ಪರ್, ಇಲ್ಲದವರು ಹಣ್ಣನ್ನು ಹಾಗೇ ಒಣಗಿಸಿ ಚೆರ್ರಿ ಮಾಡಿ ಮಾರಬೇಕು. ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಿನ ಬೆಲೆ ಅದಕ್ಕಿಲ್ಲ. ಮಳೆಗಾಲದಲ್ಲೇ ಮುಂಗಡ ಪಡೆದಿದ್ದರಂತೂ ರೇಟು ಹೇಳುವವನು ದಲ್ಲಾಳಿ, ತಕ್ಕಡಿಯೂ ಅವನದೇ.

1988ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾವೆಲಾರ್ ಮುದ್ರೆಯೊಂದಿಗೆ ಶುರುವಾದ ನ್ಯಾಯಯುತ ವ್ಯಾಪಾರ ಹಿಡಿದದ್ದು ಬೆಲೆಯ ಈ ಎಳೆಯನ್ನೇ: ಪೇಟೆ ಕುಸಿದರೂ ಬೆಳೆಗಾರರ ಸಂಘಕ್ಕೆ ಕನಿಷ್ಠ ಬೆಲೆ. ತೊಳೆದ ಅರೇಬಿಕಾಕ್ಕೆ 2023ರಿಂದ ಅದು ಪೌಂಡಿಗೆ 1.80 ಡಾಲರ್, ಮೇಲೆ 20 ಸೆಂಟ್ ಸಂಘದ ಪಾಲು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೇಟೆಯೇ 4 ಡಾಲರ್ ದಾಟಿದಾಗ ಆ ಕನಿಷ್ಠ ಬೆಲೆಗೆ ಕೆಲಸವೇ ಇರಲಿಲ್ಲ. ಪೇಟೆ ಏರಿದರೂ ತಕ್ಕಡಿ ದಲ್ಲಾಳಿಯ ಕೈಯಲ್ಲೇ ಉಳಿದರೆ ಏರಿಕೆ ಪೋಡು ಮುಟ್ಟುವುದು ಕಷ್ಟ. ಮುದ್ರೆ ಬೇಕೆಂದರೆ ಸಂಘ, ಲೆಕ್ಕಪುಸ್ತಕ, ತಪಾಸಣೆಯ ಶುಲ್ಕ ಎಲ್ಲ ಬೇಕು. ಒಂದೆರಡು ಎಕರೆಯವರಿಗೆ ಇದು ದುಬಾರಿ ಬಾಬ್ತು.

ಇಲ್ಲಿ ಬೆಂಗಳೂರಿನ ನಂಟೂ ಇದೆ. ಜಕ್ಕೂರಿನಲ್ಲಿರುವ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ದಶಕಗಳಿಂದ ಈ ಬೆಟ್ಟದಲ್ಲಿ ಸೋಲಿಗರೊಂದಿಗೆ ಓಡಾಡಿದ್ದಾರೆ. ಅರ್ಶಿಯಾ ಬೋಸ್ ಕಟ್ಟಿದ ಬ್ಲಾಕ್ ಬಾಜಾ ಕಾಫಿ ಇಲ್ಲಿನ ಸಣ್ಣ ಬೆಳೆಗಾರರಿಂದ ಬೀಜ ಕೊಳ್ಳುತ್ತದೆ. ನೆರಳಿನ ಮರ ಉಳಿಯಬೇಕೆಂಬುದು ಅದರ ಆಗ್ರಹ. ಕಂಪನಿಯ ಹೆಸರು ಒಂದು ಬೇಟೆಹಕ್ಕಿಯದು.

ಕೊಯ್ಲಿನ ದಿನಗಳಲ್ಲಿ ಕೆಂಪಾದ ಹಣ್ಣನ್ನಷ್ಟೇ ಆರಿಸಿ ಬಿಡಿಸಬೇಕು, ಹಸಿರುಕಾಯಿಯನ್ನು ಗಿಡದಲ್ಲೇ ಬಿಟ್ಟು ಮತ್ತೆ ಬರಬೇಕು. ಬಿಡಿಸಿದ್ದು ಅದೇ ದಿನ ಪಲ್ಪರ್ ಸೇರಬೇಕು, ತಡವಾದರೆ ಹುಳಿ ವಾಸನೆ ಹತ್ತುತ್ತದೆ. ಹಾಗಾಗಿ ಬುಟ್ಟಿ ಹೊತ್ತವರು ಕತ್ತಲಾಗುವ ಮೊದಲೇ ದಾರಿ ಹಿಡಿಯುತ್ತಾರೆ. ಆನೆ ಓಡಾಡುವ ದಾರಿಯೂ ಅದೇ.