ಇ-ಖಾತಾ ಎಲ್ಲಿ ನಿಲ್ಲುತ್ತೆ? ಅರ್ಜಿ ಹಾಕುವ ಮೊದಲು ಇದನ್ನು ನೋಡಿಕೊಳ್ಳಿ

ಪಟ್ಟಣದಲ್ಲಿ ಸೈಟು, ಮನೆ, ಅಂಗಡಿ ಮಳಿಗೆ ಮಾರಬೇಕು, ಇಲ್ಲವೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸಬೇಕು ಅಂದ್ರೆ ಈಗ ಇ-ಖಾತಾ ಬೇಕೇ ಬೇಕು. 2024ರ ಅಕ್ಟೋಬರ್ 7ರಿಂದ ರಾಜ್ಯದ ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ನೋಂದಣಿಗೆ ಇದು ಕಡ್ಡಾಯ. ಹಳ್ಳಿಗಳಲ್ಲಿ ಇ-ಸ್ವತ್ತು ಅದಕ್ಕೂ ಮೊದಲೇ ಬಂದಿದೆ.

ಮೊದಲು ಕೈಬರಹದ ಖಾತಾ ನಕಲು ತೋರಿಸಿದರೆ ಸಾಕಿತ್ತು. ನಕಲಿ ಖಾತೆ ಸೃಷ್ಟಿಸಿ ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಕಥೆಗಳು ಹುಟ್ಟಿದ್ದೇ ಅಲ್ಲಿ. ಈಗ ಉಪನೋಂದಣಾಧಿಕಾರಿ ಕಚೇರಿಯ ಕಾವೇರಿ ತಂತ್ರಾಂಶ ಪುರಸಭೆಯ ಇ-ಆಸ್ತಿಯಿಂದಲೇ ವಿವರ ಎಳೆದುಕೊಳ್ಳುತ್ತದೆ. ಹಾಗಾಗಿ ಪುರಸಭೆಯಲ್ಲಿ ಏನು ನಮೂದಾಗಿದೆಯೋ ಅದೇ ಅಂತಿಮ. ಅಲ್ಲಿ ಅಳತೆ ಅರ್ಧ ಅಡಿ ತಪ್ಪಿದರೂ ಕ್ರಯಪತ್ರದಲ್ಲೂ ಅದೇ ತಪ್ಪು ಬರುತ್ತೆ.

ಜನ 'ಸರ್ವರ್ ಸಮಸ್ಯೆ' ಅಂತ ಬೈಯೋದುಂಟು. ಅದೂ ಇದೆ. ಆದರೆ ಅರ್ಜಿ ಹೆಚ್ಚು ದಿನ ಕೂರೋದು ಹಳೇ ದಾಖಲೆ ತಾಳೆಯಾಗದೆ. ಆಧಾರ್‌ನಲ್ಲಿ ಇನಿಷಿಯಲ್ ಒಂದು, ಪತ್ರದಲ್ಲಿ ಇನ್ನೊಂದು. ಅಪ್ಪ ತೀರಿಕೊಂಡು ವರ್ಷಗಳಾದರೂ ಖಾತೆ ಅವರ ಹೆಸರಲ್ಲೇ ಇರುತ್ತೆ. ಚಕ್ಕುಬಂದಿಯಲ್ಲಿ ಪಕ್ಕದವರ ಹಳೇ ಹೆಸರು. ಇದನ್ನು ಕಂಪ್ಯೂಟರ್ ಸರಿ ಮಾಡಲ್ಲ. ಕಂದಾಯ ವಿಭಾಗದ ಸಿಬ್ಬಂದಿ ಸ್ಥಳಕ್ಕೆ ಬಂದು ನೋಡಿ, ದಾಖಲೆ ತಾಳೆ ಹಾಕಿ, ಮೇಲಧಿಕಾರಿ ಒಪ್ಪಬೇಕು. ಸಿಬ್ಬಂದಿ ಕಡಿಮೆ ಇರುವ ಕಡೆ ಸಹಜವಾಗಿಯೇ ತಡ. ಮೂರು ತಿಂಗಳ ಅಗ್ರಿಮೆಂಟ್ ಹಾಕಿ ಮುಂಗಡ ತಗೊಂಡವರಿಗೆ ಈ ತಡವೇ ಜಗಳಕ್ಕೆ ದಾರಿ. ಇ-ಖಾತಾ ಕೈಗೆ ಬಂದ ಮೇಲೆ ಅಗ್ರಿಮೆಂಟ್ ಮಾಡಿಕೊಳ್ಳೋದು ಕ್ಷೇಮ.

ನೋಂದಾಯಿತ ಪತ್ರ, ಋಣಭಾರ ಪ್ರಮಾಣಪತ್ರ, ಚಾಲ್ತಿ ವರ್ಷದ ತೆರಿಗೆ ರಸೀದಿ, ಆಧಾರ್, ಮಾಲೀಕರ ಫೋಟೋ, ಆಸ್ತಿಯ ಫೋಟೋ ಸಿದ್ಧ ಇಟ್ಟುಕೊಳ್ಳಿ. ತೆರಿಗೆ ಬಾಕಿ ಇದ್ದರೆ ಮೊದಲು ಅದನ್ನು ಕಟ್ಟಿ.

ಅನುಮೋದನೆ ಇಲ್ಲದ ಬಡಾವಣೆಯವರಿಗೆ ಬಿ-ಖಾತಾ ಕೊಡಲಾಗುತ್ತಿದೆ. ಹಳ್ಳಿಯಲ್ಲಿ ನಮೂನೆ 9 ಮತ್ತು 11ಎ ಬದಲು 11ಬಿ ಸಿಗುತ್ತೆ. ಇದರಿಂದ ಆಸ್ತಿ ತೆರಿಗೆ ಲೆಕ್ಕಕ್ಕೆ ಬರುತ್ತೆ ಅಷ್ಟೇ, ಬಡಾವಣೆ ಸಕ್ರಮ ಆಯ್ತು ಅಂತ ಅರ್ಥ ಅಲ್ಲ. ಸೈಟು ಕೊಳ್ಳೋರು ಮಧ್ಯವರ್ತಿಯ ಮಾತು ಬಿಟ್ಟು ಕಾಗದದ ಮೇಲಿನ ನಮೂನೆ ಯಾವುದು ಅಂತ ಓದಬೇಕು.

ಖಾತಾ ವರ್ಗಾವಣೆ ಸಕಾಲ ಸೇವೆಗಳ ಪಟ್ಟಿಯಲ್ಲಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಅವಕಾಶ ಇದೆ. ಸ್ವೀಕೃತಿ ಇಲ್ಲದೆ ಬರೀ ಟೇಬಲ್ ಮೇಲೆ ಫೈಲ್ ಇಟ್ಟು ಬಂದವರಿಗೆ ಇದು ಸಿಗಲ್ಲ.