ಭಾರ ಎತ್ತುವ ಹುಡುಗಿ, ಸೆಲ್ಲೋ ಸುಳ್ಳು

ಅಂಗೈ ತುಂಬ ಬಿಳಿ ಪುಡಿ. ಎದುರಿಗೆ ಬಾರ್‌ಬೆಲ್. ಇವಳೇ ಕೊರಿಯನ್ ಸೀರಿಯಲ್ ಒಂದರ ನಾಯಕಿ ಕಿಮ್ ಬೋಕ್-ಜೂ, ಕ್ರೀಡಾ ವಿಶ್ವವಿದ್ಯಾಲಯವೊಂದರ ವೇಟ್‌ಲಿಫ್ಟಿಂಗ್ ತಂಡದ ಹುಡುಗಿ. ಅಪ್ಪನದ್ದು ಚಿಕನ್ ಅಂಗಡಿ. ಹೊಟ್ಟೆ ತುಂಬ ತಿನ್ನೋದು, ಗೆಳತಿಯರ ಜೊತೆ ಗಲಾಟೆ ಮಾಡೋದು, ಭಾರ ಎತ್ತೋದು: ಅಷ್ಟೇ ಬದುಕು.

ಆಗ ಒಬ್ಬ ಡಾಕ್ಟರ್ ಮೇಲೆ ಮನಸ್ಸಾಗುತ್ತೆ. ಅವನದ್ದೋ ತೂಕ ಇಳಿಸುವ ಕ್ಲಿನಿಕ್! ಕೋಚ್‌ಗೆ ಗೊತ್ತಾಗದ ಹಾಗೆ ಅಲ್ಲಿಗೆ ಸೇರ್ತಾಳೆ. ಏನ್ ಮಾಡ್ತೀರಿ ಅಂದ್ರೆ, ಸೆಲ್ಲೋ ನುಡಿಸ್ತೀನಿ ಅಂತಾಳೆ. ನಗು ಬರುತ್ತೆ, ನಿಜ. ಆದರೆ ತನ್ನ ಆಟದ ಹೆಸರು ಹೇಳೋಕೇ ನಾಚಿಕೆಪಡುವ ಆ ಕ್ಷಣ ಇದೆಯಲ್ಲ, ಇಡೀ ಸೀರಿಯಲ್ಲಿನ ಜೀವ ಅಲ್ಲಿದೆ.

ಅವಳ ಗುಟ್ಟು ಗೊತ್ತಿರೋನು ಈಜುಗಾರ ಜೂನ್-ಹ್ಯುಂಗ್. ಮೊದಲು ಕಾಲೆಳೀತಾನೆ, ಆಮೇಲೆ ಬಿಟ್ಟಿರಲಾರ. ಅವನಿಗೂ ಒಂದು ನೋವಿದೆ: ಸ್ಪರ್ಧೆಯಲ್ಲಿ ಶುರುವಿನ ಸದ್ದು ಕೇಳೋ ಮೊದಲೇ ನೀರಿಗೆ ಹಾರಿಬಿಡ್ತಾನೆ. ಡಾಕ್ಟರ್ ಬೇರೆ ಯಾರೂ ಅಲ್ಲ, ಅವನ ಜೊತೆಗೇ ಬೆಳೆದ ಅಣ್ಣ!

'ವೇಟ್‌ಲಿಫ್ಟಿಂಗ್ ಫೇರಿ ಕಿಮ್ ಬೋಕ್-ಜೂ' 2016ರ ನವೆಂಬರ್‌ನಲ್ಲಿ ಕೊರಿಯಾದ ಎಂಬಿಸಿ ಚಾನೆಲ್‌ನಲ್ಲಿ ಶುರುವಾಯ್ತು. ಒಟ್ಟು 16 ಕಂತು. ಎದುರು ಚಾನೆಲ್‌ನಲ್ಲಿ ದೊಡ್ಡ ತಾರೆಯರ 'ಲೆಜೆಂಡ್ ಆಫ್ ದ ಬ್ಲೂ ಸೀ' ಇದ್ದಿದ್ದರಿಂದ ರೇಟಿಂಗ್ ಏಳಲಿಲ್ಲ. ಮುಖ್ಯ ಪಾತ್ರದ ಲೀ ಸಂಗ್-ಕ್ಯುಂಗ್ ಮೂಲತಃ ಮಾಡೆಲ್, ಈ ಪಾತ್ರಕ್ಕಾಗಿ ತೂಕ ಹೆಚ್ಚಿಸಿಕೊಂಡರು.

ಕಥೆಗೆ ಸ್ಫೂರ್ತಿ ಕೊರಿಯಾದ ವೇಟ್‌ಲಿಫ್ಟರ್ ಜಾಂಗ್ ಮಿ-ರಾನ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಎತ್ತಿದ್ದು ಒಟ್ಟು 326 ಕಿಲೋ. ಚಿನ್ನ!