ಗಣಿಯ ಕಡತಗಳಲ್ಲಿ ಭಾಷೆಯ ಜಾಡು

ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವನು ಶಾಸನತಜ್ಞನಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಗಣಿಗಾರಿಕೆಗೂ ಭಾಷಾಭ್ಯಾಸಕ್ಕೂ ಎಲ್ಲಿಯ ನಂಟು ಎನ್ನುವವರಿಗೆ ಇದು ಒಂದು ಉತ್ತರ. ಇನ್ನೊಂದು ಉತ್ತರವು ಗಣಿ ಕಂಪನಿಗಳ ಹಳೆಯ ಕಡತಗಳಲ್ಲಿ ಅಡಗಿದೆ.

ಅಂತಹ ಕಡತಗಳನ್ನು ವಿಶ್ವವಿದ್ಯಾಲಯವೊಂದು ಕಾಪಾಡಿಕೊಂಡು ಬಂದುದಕ್ಕೆ ಉತ್ತಮ ನಿದರ್ಶನವೆಂದರೆ ಅಮೆರಿಕದ ಮಿಷಿಗನ್ ತಾಂತ್ರಿಕ ವಿಶ್ವವಿದ್ಯಾಲಯದ ಪತ್ರಾಗಾರ. ಸುಪೀರಿಯರ್ ಸರೋವರದ ದಂಡೆಯ ತಾಮ್ರದ ಸೀಮೆಯಲ್ಲಿ, ಹೌಟನ್ ಎಂಬ ಊರಿನಲ್ಲಿ, 1885ರಲ್ಲಿ ಗಣಿಶಾಲೆಯಾಗಿ ಹುಟ್ಟಿದ ಸಂಸ್ಥೆಯಿದು. ಸುತ್ತಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು: ಕ್ವಿನ್ಸಿ 1945ರಲ್ಲಿ, ಕ್ಯಾಲುಮೆಟ್ ಅಂಡ್ ಹೆಕ್ಲಾ 1968ರಲ್ಲಿ. ಅವುಗಳ ಪತ್ರವ್ಯವಹಾರ, ನಕ್ಷೆ, ನೌಕರಿಯ ದಾಖಲೆಗಳು ಇಂದು ಆ ಪತ್ರಾಗಾರದ ಪೆಟ್ಟಿಗೆಗಳಲ್ಲಿವೆ.

ಪತ್ರಾಗಾರದಲ್ಲಿ ಗ್ರಂಥಾಲಯದ ಕ್ರಮವನ್ನು ನಿರೀಕ್ಷಿಸಿ ಹೋದವರು ನಿರಾಶರಾಗುತ್ತಾರೆ. ಅಲ್ಲಿ ಕಾಗದಗಳನ್ನು ವಿಷಯಾನುಸಾರ ವಿಂಗಡಿಸಿರುವುದಿಲ್ಲ. ಅವು ಯಾವ ಕಚೇರಿಯಿಂದ ಬಂದವೋ ಆ ಕಚೇರಿಯ ಹೆಸರಿನಲ್ಲಿ, ಆದಷ್ಟೂ ಮೂಲಕ್ರಮದಲ್ಲಿಯೇ ಇರುತ್ತವೆ. ಆದ್ದರಿಂದ ‘ಗಣಿ ಕಾರ್ಮಿಕರ ಜೀವನ’ ಎಂದು ಹುಡುಕಿದರೆ ಸಿಗುವುದು ಅಲ್ಪ. ಕಾರ್ಮಿಕನ ಕುರಿತು ಬರೆದವರು ಯಾರು, ಏಕೆ ಬರೆದರು ಎಂದು ಮೊದಲು ಕೇಳಿಕೊಳ್ಳಬೇಕು. ಕಂಪನಿ ಬರೆದುದು ಸಂಬಳಕ್ಕಾಗಿ, ಪೊಲೀಸರು ಬರೆದುದು ಅಂಕೆಗಾಗಿ, ಚರ್ಚು ಬರೆದುದು ಮದುವೆ-ಮರಣಗಳಿಗಾಗಿ. ಪ್ರತಿ ಸಂಗ್ರಹಕ್ಕೂ ಒಂದು ವಿವರಸೂಚಿ ಇರುತ್ತದೆ. ಅದನ್ನು ಓದಿ, ಪೆಟ್ಟಿಗೆ ಮತ್ತು ಕಡತದ ಸಂಖ್ಯೆಯನ್ನು ಗುರುತು ಹಾಕಿಕೊಂಡು ಕೇಳಿದರೆ ಸಿಬ್ಬಂದಿ ತಂದುಕೊಡುತ್ತಾರೆ. ಟಿಪ್ಪಣಿಗೆ ಪೆನ್ಸಿಲ್ ಮಾತ್ರ. ಸಂಖ್ಯೆಗಳನ್ನು ಬರೆದುಕೊಳ್ಳದ ಟಿಪ್ಪಣಿ ಪ್ರಬಂಧ ಬರೆಯುವ ಹೊತ್ತಿಗೆ ನಿಷ್ಪ್ರಯೋಜಕವಾಗುತ್ತದೆ.

ತಾಮ್ರದ ಸೀಮೆಗೆ ದುಡಿಯಲು ಬಂದವರು ಕಾರ್ನ್‌ವಾಲಿನವರು, ಫಿನ್ನರು, ಕ್ರೊವೇಷಿಯನ್ನರು, ಇಟಾಲಿಯನ್ನರು. ಕಡತ ಬರೆದವರ ಭಾಷೆ ಮಾತ್ರ ಇಂಗ್ಲಿಷ್. 1913ರ ಜುಲೈ 23ರಂದು ಅಲ್ಲಿ ದೊಡ್ಡ ಮುಷ್ಕರ ಆರಂಭವಾಯಿತು. ಇಬ್ಬರು ಹಿಡಿಯುತ್ತಿದ್ದ ಬೈರಿಗೆ ಯಂತ್ರವನ್ನು ಒಬ್ಬನ ಕೈಗೆ ಕೊಟ್ಟದ್ದು ಪ್ರಮುಖ ಕಾರಣಗಳಲ್ಲೊಂದು. ಕತ್ತಲಲ್ಲಿ ಒಂಟಿಯಾಗಿ ದುಡಿಯುವವನಿಗೆ ಅಪಾಯವಾದರೆ ಕೂಗು ಕೇಳುವವರಿಲ್ಲ ಎಂಬುದು ಕಾರ್ಮಿಕರ ಭಯ. ಆ ವರ್ಷದ ಡಿಸೆಂಬರ್ 24ರಂದು ಮುಷ್ಕರನಿರತರ ಮಕ್ಕಳಿಗಾಗಿ ಕ್ಯಾಲುಮೆಟ್‌ನ ಇಟಾಲಿಯನ್ ಹಾಲ್‌ನಲ್ಲಿ ಕ್ರಿಸ್ಮಸ್ ಕೂಟ ನಡೆದಿತ್ತು. ಯಾರೋ ‘ಬೆಂಕಿ’ ಎಂದು ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲಿನ ನೂಕುನುಗ್ಗಲಿನಲ್ಲಿ 73 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು.

ಅನಂತರ ನಡೆದ ಮರಣವಿಚಾರಣೆಯಲ್ಲಿ ಇಂಗ್ಲಿಷ್ ಬಾರದ ಸಾಕ್ಷಿಗಳೂ ಇಂಗ್ಲಿಷಿನಲ್ಲಿಯೇ ಉತ್ತರಿಸಬೇಕಾಯಿತು. ಹೀಗಾಗಿ ಆ ದಾಖಲೆಯ ಚುಟುಕು ಉತ್ತರಗಳನ್ನು ಓದುವಾಗ, ಸಾಕ್ಷಿ ಕಂಡದ್ದು ಅಷ್ಟೇ ಎಂದು ತೀರ್ಮಾನಿಸುವುದು ಅನ್ಯಾಯ. ಕಂಡದ್ದನ್ನು ಹೇಳಲು ಅವನಿಗೆ ನುಡಿಯಿರಲಿಲ್ಲ. ಅದೇ ಕಾಲದಲ್ಲಿ ನೆರೆಯ ಹ್ಯಾನ್ಕಾಕ್‌ನಲ್ಲಿ ಅಚ್ಚಾಗುತ್ತಿದ್ದ ‘ತ್ಯೋಮಿಯೆಸ್’ ಎಂಬ ಫಿನ್ನಿಷ್ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡಾಗ ಇನ್ನೊಂದು ದನಿ ಕೇಳಿಬರುತ್ತದೆ. ಅದೂ ಪಕ್ಷಪಾತದ ದನಿಯೇ, ಆದರೆ ಬೇರೆ ಪಕ್ಷದ್ದು.

ಈ ಕಷ್ಟ ಗಡಿನಾಡಿನ ಕನ್ನಡಿಗರಿಗೆ ಅಪರಿಚಿತವಲ್ಲ. ತಮಿಳು ಲಿಪಿಯಲ್ಲಿ ತ-ದ, ಕ-ಗಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ತಾಳವಾಡಿಯ ದೇವಪ್ಪ ಕಡತದಲ್ಲಿ ತೇವಪ್ಪನಾಗಬಲ್ಲ. ಇಂಗ್ಲಿಷ್ ಪಟ್ಟಿಗಳಲ್ಲಿ ಳಕಾರವೂ ಲಕಾರವೂ ಒಂದೇ. ಹುಡುಕುವಾಗ ಹೆಸರಿನ ಸಾಧ್ಯ ರೂಪಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಬೇಕು. ಧ್ವನಿಶಾಸ್ತ್ರದ ಪಾಠ ಇಲ್ಲಿ ಪರೀಕ್ಷೆಯಾಚೆಗೂ ಉಪಯೋಗಕ್ಕೆ ಬರುತ್ತದೆ.

ಗಡಿಗಳು ಸರಿದಾಡಿದ್ದು ಮತ್ತೊಂದು ತೊಡಕು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಲ್ಲಿನ ಹಳೆಯ ಗಣಿ ಗುತ್ತಿಗೆಯ ಕಾಗದಗಳನ್ನು ಅನಂತಪುರದ ಹೆಸರಿನಲ್ಲಿ ಹುಡುಕುವುದು ವ್ಯರ್ಥ. ಆ ಕಾಲದ ಬಳ್ಳಾರಿ ಜಿಲ್ಲೆಯ ದಾಖಲೆಗಳನ್ನೇ ನೋಡಬೇಕು. ಚಿನ್ನದ ಆಸೆಯಿಂದ 1880ರ ಸುಮಾರಿಗೆ ಲಂಡನ್ನಿನ ಬಂಡವಾಳ ಹರಿದುಬಂದ ದೇವಾಲ, ಪಂದಲೂರುಗಳ ಕಥೆಯೂ ಹಾಗೆಯೇ. ಆಗ್ನೇಯ ವಯನಾಡು 1877ರಲ್ಲಿ ಮಲಬಾರಿನಿಂದ ನೀಲಗಿರಿಗೆ ಸೇರಿತು. ಅದಕ್ಕೆ ಹಿಂದಿನದು ಮಲಬಾರಿನ ಕಡತ, ಮುಂದಿನದು ನೀಲಗಿರಿಯ ಕಡತ. ಆಸ್ಟ್ರೇಲಿಯಾದಲ್ಲಿ ಗಣಿ ಇಲಾಖೆಯನ್ನು ನಡೆಸಿದ್ದ ಬ್ರೌ ಸ್ಮಿತ್ ಆ ಸೀಮೆಯನ್ನು ಕುರಿತು ಬರೆದ 1880ರ ವರದಿ ಆರಂಭಕ್ಕೆ ಒಳ್ಳೆಯದು. ಆದರೆ ಕಂಪನಿಗಳು ಬರುವ ಮುನ್ನವೇ ಹೊಳೆಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಸ್ಥಳೀಯರ ಮಾತು ಅಂತಹ ವರದಿಯಲ್ಲಿ ಅವರ ನುಡಿಯಲ್ಲಿ ದೊರೆಯುವುದಿಲ್ಲ. ಅದಕ್ಕಾಗಿ ಪಂದಲೂರಿನ ಸುತ್ತಣ ಹಾಡಿಗಳಲ್ಲಿ ಕುಳಿತು, ಹಿರಿಯರ ಬಾಯಲ್ಲಿ ಉಳಿದಿರುವ ಸ್ಥಳನಾಮಗಳನ್ನೂ ಕೆಲಸದ ಪದಗಳನ್ನೂ ಕೇಳಿ ಬರೆದುಕೊಳ್ಳಬೇಕು.